ಗಣಿ ಮುಚ್ಚಿದ ಊರಿನಲ್ಲಿ ಜ್ಞಾನೋಕ್ತಿಗಳ ಓದು

ಬೈಬಲಿನ ಜ್ಞಾನೋಕ್ತಿಗಳ ಪುಸ್ತಕದಲ್ಲಿ 31 ಅಧ್ಯಾಯಗಳಿವೆ. ತಾರೀಖಿಗೆ ಸರಿಯಾಗಿ ದಿನಕ್ಕೊಂದು ಅಧ್ಯಾಯ ಓದಿ ಮುಗಿಸಿ, ಮುಂದಿನ ತಿಂಗಳು ಮತ್ತೆ ಮೊದಲಿನಿಂದ ಹಿಡಿಯುವ ರೂಢಿ ಅನೇಕ ಕ್ರೈಸ್ತ ಮನೆಗಳಲ್ಲಿದೆ. ಹೀಗೆ ಓದುವವರಿಗೆ ಒಂದು ಮಾತು ಪದೇಪದೇ ಎದುರಾಗುತ್ತದೆ: ಜ್ಞಾನವು ಬೆಳ್ಳಿಬಂಗಾರಕ್ಕಿಂತ ಮೇಲಾದದ್ದು. ಮೂರನೆಯ ಅಧ್ಯಾಯದಲ್ಲಿ ಅದು ಬರುತ್ತದೆ, ಎಂಟರಲ್ಲಿ ಎರಡು ಸಲ, ಹದಿನಾರರಲ್ಲಿ ಮತ್ತೊಮ್ಮೆ. ಬೇರೆ ಊರಿನ ಸಭೆಗೆ ಇದು ಕಿವಿಗೆ ಹಿತವಾದ ಅಲಂಕಾರ. ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ಇದನ್ನು ಕೇಳುತ್ತ ಕುಳಿತವರು ನೆಲದಾಳದಿಂದ ಚಿನ್ನ ತೆಗೆದವರ ಮಕ್ಕಳು, ಮೊಮ್ಮಕ್ಕಳು. ಸುಮಾರು 120 ವರ್ಷಗಳಲ್ಲಿ 800 ಟನ್ನಿನಷ್ಟು ಚಿನ್ನ ಇಲ್ಲಿಂದ ಹೊರಬಂತೆಂಬುದು ಸಾಮಾನ್ಯವಾಗಿ ಒಪ್ಪಿರುವ ಅಂದಾಜು. ತೆಗೆದವರ ಮನೆಯಲ್ಲಿ ಅದು ಉಳಿಯಲಿಲ್ಲ.

ದುಡಿಮೆ, ಸಾಲ, ಜಾಮೀನು, ಕುಡಿತ, ಕೋಪ, ನಾಲಿಗೆಯ ಹಿಡಿತ, ಇವುಗಳ ಬಗ್ಗೆ ಈ ಪುಸ್ತಕ ಹೇಳುವಷ್ಟು ನೇರವಾಗಿ ಬೈಬಲಿನ ಬೇರೆ ಯಾವ ಭಾಗವೂ ಹೇಳುವುದಿಲ್ಲ. ಪ್ರತಿಯೊಂದು ಮಾತೂ ನಾಳೆ ಬೆಳಿಗ್ಗೆಯೇ ಜಾರಿಗೆ ತರುವಂಥದ್ದು. ಆ ಕಾರಣಕ್ಕೇ ಉಪದೇಶಕರಿಗೆ ಇದು ಪ್ರಿಯ. ಆದರೆ ದುಡಿಮೆಗೂ ಪ್ರತಿಫಲಕ್ಕೂ ಇರುವ ನಂಟು ಒಂದೇ ದಿನ ಕಡಿದುಹೋದ ಊರಿನಲ್ಲಿ, ದುಡಿದರೆ ಸಮೃದ್ಧಿ ಎಂಬ ಮಾತನ್ನು ಯಾವ ಅರ್ಥದಲ್ಲಿ ಓದಬೇಕು? ಈ ಪ್ರಶ್ನೆಗೆ ಉತ್ತರ ಹುಡುಕುವ ಮೊದಲು ಇಲ್ಲಿನ ಸಭೆಗಳು ಬೆಳೆದ ಬಗೆಯನ್ನು ನೋಡಬೇಕು.

ಗಣಿಯ ಜೊತೆ ಬೆಳೆದ ಸಭೆಗಳು

1802ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಜಾನ್ ವಾರನ್ ಈ ಭಾಗದಲ್ಲಿ ಮಣ್ಣು ತೊಳೆದು ಚಿನ್ನ ತೆಗೆಯುತ್ತಿದ್ದ ಹಳ್ಳಿಗರನ್ನು ಕಂಡು ವರದಿ ಬರೆದ. ಆ ವರದಿಯ ಜಾಡು ಹಿಡಿದು 1870ರ ದಶಕದಲ್ಲಿ ನಿವೃತ್ತ ಸೈನಿಕ ಲವೆಲ್ ಮೈಸೂರು ಸರ್ಕಾರದಿಂದ ಪರವಾನಗಿ ಪಡೆದ. 1880ರ ಹೊತ್ತಿಗೆ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕಾಲಿಟ್ಟ ಮೇಲೆಯೇ ಗಣಿಗಾರಿಕೆ ನಿಜವಾದ ಅರ್ಥದಲ್ಲಿ ಶುರುವಾಯಿತು. ಚಾಂಪಿಯನ್ ರೀಫ್, ಮೈಸೂರು, ಊರಿಗಾಂ, ನಂದಿದುರ್ಗ ಗಣಿಗಳಿಗೆ ಉತ್ತರ ಆರ್ಕಾಟ್, ಸೇಲಂ, ಧರ್ಮಪುರಿ ಕಡೆಯಿಂದ ತಮಿಳು ಮಾತನಾಡುವ ದಲಿತ ಕುಟುಂಬಗಳು, ಚಿತ್ತೂರು ಕಡೆಯಿಂದ ತೆಲುಗರು ಬಂದರು. ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಅನುಭವಿ ಗಣಿಗಾರರು, ಇಟಲಿಯವರು, ಆಂಗ್ಲೋ ಇಂಡಿಯನ್ನರು ಬಂದರು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಗಣಿಗಳಿಗೆ ಹರಿಯಿತು. ಬಂಗಲೆಗಳಲ್ಲಿ ದೀಪ ಬೆಳಗುತ್ತಿದ್ದ ಆ ಕಾಲದಲ್ಲೇ ಕಾರ್ಮಿಕರ ಲೈನ್‌ಗಳಲ್ಲಿ ಬಿದಿರಿನ ತಟ್ಟಿಯ ಗುಡಿಸಲುಗಳಿದ್ದವು.

ಚರ್ಚುಗಳೂ ಈ ಏರುತಗ್ಗನ್ನು ಅನುಸರಿಸಿಯೇ ಹುಟ್ಟಿಕೊಂಡವು. ಇಂಗ್ಲಿಷ್ ಆರಾಧನೆ ಒಂದು ಕಡೆ, ತಮಿಳು ಆರಾಧನೆ ಇನ್ನೊಂದು ಕಡೆ. ಕ್ಯಾಥೊಲಿಕ್, ಆಂಗ್ಲಿಕನ್, ಮೆಥೊಡಿಸ್ಟ್, ಲುಥೆರನ್, ಮುಂದೆ ಪೆಂತೆಕೋಸ್ತ್ ಸಭೆಗಳು ಒಂದರ ಪಕ್ಕ ಒಂದು ಬೆಳೆದವು. ಇತ್ತ ಬಂಗಾರಪೇಟೆಯ ಕತೆ ಸ್ವಲ್ಪ ಬೇರೆ. ಜೋಲಾರಪೇಟೆಯಿಂದ ಬೆಂಗಳೂರಿಗೆ 1864ರಲ್ಲಿ ರೈಲು ಓಡಿದಾಗ ಈ ನಿಲ್ದಾಣಕ್ಕೆ ಮೈಸೂರಿನ ಕಮಿಷನರ್ ಬೌರಿಂಗ್ ಹೆಸರು ಅಂಟಿತು. 1894ರಲ್ಲಿ ಇಲ್ಲಿಂದ ಗಣಿಗಳಿಗೆ ಕವಲು ಹಳಿ ಬಿತ್ತು. ಸುತ್ತಲಿನ ಹಳ್ಳಿಗಳ ಕ್ರೈಸ್ತರಲ್ಲಿ ಹಲವರ ಹಿರೀಕರು 1876–78ರ ಭೀಕರ ಕ್ಷಾಮದ ಕಾಲದಲ್ಲಿ ಕೋಲಾರದ ಮಿಷನ್ ಆಶ್ರಯಕ್ಕೆ ಬಂದವರು. ಅವರ ಆರಾಧನೆ ಕನ್ನಡ, ತೆಲುಗಿನಲ್ಲಿ. ಕನ್ನಡದ ಪೂರ್ಣ ಬೈಬಲ್ ಬಳ್ಳಾರಿಯ ಮಿಷನರಿ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ಶ್ರಮದಿಂದ 1831ರ ಹೊತ್ತಿಗೇ ಅಚ್ಚಾಗಿತ್ತು. ಹೀಗಾಗಿ ಒಂದೇ ಕವಲು ಹಳಿಯ ಎರಡು ತುದಿಗಳಲ್ಲಿ ಒಂದೇ ಪುಸ್ತಕವನ್ನು ಎರಡು ಬಗೆಯ ಬಡವರು ಓದಿದರು. ಒಬ್ಬರು ಕೂಲಿಯನ್ನು ನಂಬಿದವರು, ಇನ್ನೊಬ್ಬರು ಮಳೆಯನ್ನು ನಂಬಿದವರು.

ಊರೂರು ಸುತ್ತಿ ಬಂದ ಮಾತುಗಳು

ಜ್ಞಾನೋಕ್ತಿಗಳು ಒಬ್ಬನೇ ಕುಳಿತು ಬರೆದ ಪುಸ್ತಕವಲ್ಲ. ಬಹುಭಾಗ ರಾಜ ಸೊಲೊಮೋನನ ಹೆಸರಿನಲ್ಲಿದೆ. ಇಪ್ಪತ್ತೈದನೆಯ ಅಧ್ಯಾಯದಿಂದಾಚೆಗಿನದು ರಾಜ ಹಿಜ್ಕೀಯನ ಜನರು ನಕಲು ಮಾಡಿದ್ದೆಂದು ಪುಸ್ತಕವೇ ಹೇಳುತ್ತದೆ. ಮೂವತ್ತನೆಯದು ಆಗೂರನೆಂಬವನದು, ಕೊನೆಯದು ಲೆಮೂವೇಲನೆಂಬ ಅರಸನಿಗೆ ಅವನ ತಾಯಿ ಕಲಿಸಿದ್ದು. ಇಪ್ಪತ್ತೆರಡನೆಯ ಅಧ್ಯಾಯದ ನಡುವಿನಿಂದ ಇಪ್ಪತ್ತನಾಲ್ಕರ ನಡುವಿನವರೆಗಿನ ಉಕ್ತಿಗಳಿಗೂ ಈಜಿಪ್ಟಿನ ಅಮೆನೆಮೋಪೆ ಎಂಬವನ ಮೂವತ್ತು ಉಪದೇಶಗಳಿಗೂ ಗಾಢವಾದ ಸಾಮ್ಯವಿದೆ. ಆ ಪಪೈರಸ್ 1920ರ ದಶಕದಲ್ಲಿ ಪ್ರಕಟವಾದಂದಿನಿಂದ ವಿದ್ವಾಂಸರು ಇದನ್ನು ಚರ್ಚಿಸುತ್ತಲೇ ಬಂದಿದ್ದಾರೆ. ಕೆಲವು ವಿಶ್ವಾಸಿಗಳಿಗೆ ಇದು ಇರಿಸುಮುರಿಸಿನ ಸಂಗತಿ. ಆದರೆ ಜನರ ಅನುಭವ ಗಡಿ ದಾಟಿ ಬಂದು ದೇವಭಯದ ಚೌಕಟ್ಟಿನಲ್ಲಿ ಕೂತಿತೆಂದು ಕಾಣುವವರಿಗೆ ಅದರಿಂದ ನಷ್ಟವೇನೂ ಇಲ್ಲ.

ಗಣಿ ಪ್ರದೇಶದ ಓದುಗರಿಗಂತೂ ಈ ಅಲೆಮಾರಿತನ ಅಪರಿಚಿತವಾಗಬಾರದು. ಇಲ್ಲಿನ ತಮಿಳು ಮನೆಗಳಲ್ಲಿ ತಿರುಕ್ಕುರಳ್ ಇತ್ತು, ತೆಲುಗರಲ್ಲಿ ವೇಮನನ ಪದ್ಯಗಳಿದ್ದವು, ಕನ್ನಡ ಶಾಲೆಯ ಮಕ್ಕಳಿಗೆ ಸರ್ವಜ್ಞನ ತ್ರಿಪದಿಗಳು ಬಾಯಿಪಾಠವಾಗಿದ್ದವು. ಸಾಲ ತರುವಾಗಿನ ಸುಖ, ತೀರಿಸುವಾಗಿನ ಸಂಕಟದ ಬಗ್ಗೆ ಸರ್ವಜ್ಞ ಹೇಳಿದ್ದನ್ನು ಕೇಳಿ ಬೆಳೆದವನಿಗೆ ಜ್ಞಾನೋಕ್ತಿಗಳ ಸಾಲದ ಪಾಠ ಹೊಸದಾಗಿ ಕಾಣುವುದಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮಾರಿಕುಪ್ಪಂ, ಚಾಂಪಿಯನ್ ರೀಫ್‌ಗಳಲ್ಲಿ ದಲಿತ ಕಾರ್ಮಿಕರ ಬೌದ್ಧ ಸಂಘಗಳೂ ಬೇರೂರಿದ್ದವು. ತನ್ನ ಬಡತನಕ್ಕೆ ತಾನೇ ಕಾರಣನೋ, ಹುಟ್ಟು ಕಾರಣವೋ, ಯಜಮಾನ ಕಾರಣನೋ ಎಂಬ ಚರ್ಚೆ ಲೈನ್‌ಗಳಿಗೆ ಹೊಸದಾಗಿರಲಿಲ್ಲ. ಇಂಥ ಮಾತಿನ ನಡುವೆಯೇ ಕ್ರೈಸ್ತರು ತಮ್ಮ ಉಕ್ತಿಗಳನ್ನು ಓದಬೇಕಾಗಿತ್ತು.

ಇರುವೆಯ ಪಾಠ, ಗಣಿಯ ಲೆಕ್ಕ

ಆರನೆಯ ಅಧ್ಯಾಯ ಸೋಮಾರಿಯನ್ನು ಇರುವೆಯ ಬಳಿಗೆ ಕಳುಹಿಸುತ್ತದೆ. ಹತ್ತನೆಯ ಅಧ್ಯಾಯ ಜೋಲುಗೈಗೆ ಬಡತನವನ್ನೂ ಚುರುಕಾದ ಕೈಗೆ ಐಶ್ವರ್ಯವನ್ನೂ ಜೋಡಿಸುತ್ತದೆ. ಭಾನುವಾರದ ಶಾಲೆಯ ಮಕ್ಕಳು ಮೊದಲು ಕಂಠಪಾಠ ಮಾಡುವ ವಚನಗಳಲ್ಲಿ ಇವೂ ಸೇರಿವೆ. ಇರುವೆಗೆ ಅಧಿಪತಿಯಿಲ್ಲ, ಮೇಲ್ವಿಚಾರಕನಿಲ್ಲ ಎಂಬ ವಿವರವನ್ನು ಮಾತ್ರ ಬೋಧಕರು ಬೇಗ ದಾಟಿಬಿಡುತ್ತಾರೆ. ಗಣಿಯಲ್ಲಿ ಇವರಿಬ್ಬರಿಗೂ ಕೊರತೆಯಿರಲಿಲ್ಲ.

ಈ ಬೋಧನೆಯ ಪರವಾಗಿ ಹೇಳಬೇಕಾದ್ದು ಸಾಕಷ್ಟಿದೆ. ಶಿಫ್ಟಿನ ಸೈರನ್ನಿಗೆ ಸರಿಯಾಗಿ ಏಳುವುದು, ಕೂಲಿಯಲ್ಲಿ ಒಂದು ಭಾಗ ಎತ್ತಿಡುವುದು, ಮಕ್ಕಳನ್ನು ಶಾಲೆ ಬಿಡಿಸದಿರುವುದು, ಈ ಶಿಸ್ತಿನಿಂದಲೇ ಒಂದು ತಲೆಮಾರು ಲೈನ್ ಮನೆಯಿಂದ ಹೊರಬಿತ್ತು. ಮಿಷನ್ ಶಾಲೆಗಳಲ್ಲಿ ಕಲಿತವರು ಶಿಕ್ಷಕರು, ದಾದಿಯರು, ಗುಮಾಸ್ತರು, ಎಂಜಿನಿಯರುಗಳಾದರು. ಬೆಂಗಳೂರಿಗೂ ಹೊರದೇಶಗಳಿಗೂ ಹೋದರು. ಇವತ್ತಿಗೂ ನಸುಕಿನಲ್ಲಿ ಮಾರಿಕುಪ್ಪಂನಿಂದ ಹೊರಟು ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ಹೋಗುವ ರೈಲು ತುಂಬಿರುತ್ತದೆ. ಅದರಲ್ಲಿ ಸೋಮಾರಿಗಳನ್ನು ಹುಡುಕುವುದು ಕಷ್ಟ.

ಲೆಕ್ಕದ ಇನ್ನೊಂದು ಬದಿ ಹೀಗಿದೆ. ಚಾಂಪಿಯನ್ ರೀಫ್ ಗಣಿ ನೆಲದಿಂದ ಮೂರು ಕಿಲೊಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ತಳದಲ್ಲಿ ಬಂಡೆಯ ಶಾಖ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಒತ್ತಡಕ್ಕೆ ಬಂಡೆ ಸಿಡಿಯುವುದನ್ನು ಇಲ್ಲಿಯವರು ಏರ್ ಬ್ಲಾಸ್ಟ್ ಎನ್ನುತ್ತಿದ್ದರು; ಅದರಲ್ಲಿ ಸತ್ತವರ ಕತೆ ಹಳೆಯ ಮನೆಗಳಲ್ಲಿ ಇನ್ನೂ ಬದುಕಿದೆ. ಅದರಿಂದ ಪಾರಾದವರ ಶ್ವಾಸಕೋಶಕ್ಕೆ ಕಲ್ಲಿನ ದೂಳು ಹೊಕ್ಕು ಸಿಲಿಕೋಸಿಸ್ ತಂದಿತು. ಕಾರ್ಮಿಕರು ಸುಮ್ಮನಿದ್ದರೆಂದೂ ಅಲ್ಲ. ಬೆರಳಚ್ಚು ಪಡೆದು ನೋಂದಾಯಿಸುವ ಕಂಪನಿಯ ಕ್ರಮದ ವಿರುದ್ಧ 1930ರಲ್ಲಿ ದೊಡ್ಡ ಮುಷ್ಕರ ನಡೆಯಿತು, 1946ರಲ್ಲಿ ಮತ್ತೊಮ್ಮೆ. ಗಣಿಗಳು 1956ರಲ್ಲಿ ರಾಜ್ಯ ಸರ್ಕಾರದ, 1962ರಲ್ಲಿ ಕೇಂದ್ರದ ಕೈಸೇರಿದವು. 1972ರಲ್ಲಿ ಸಾರ್ವಜನಿಕ ವಲಯದ ಕಂಪನಿಯಾದವು. ಅದಿರಿನಲ್ಲಿ ಚಿನ್ನದ ಪ್ರಮಾಣ ಕುಗ್ಗುತ್ತ, ಆಳದ ಖರ್ಚು ಏರುತ್ತ ಹೋಗಿ 2001ರ ಫೆಬ್ರುವರಿ 28ರಂದು ಉತ್ಪಾದನೆ ನಿಂತಿತು. ಆಗ ಕೆಲಸ ಕಳೆದುಕೊಂಡವರು ಮೂರು ಸಾವಿರಕ್ಕೂ ಹೆಚ್ಚು. ಅವರ ಕೈಗಳು ಹಿಂದಿನ ದಿನದವರೆಗೂ ಚುರುಕಾಗಿಯೇ ಇದ್ದವು.

ಉಕ್ತಿ ಸುಳ್ಳಾಯಿತೇ? ಆಗಲಿಲ್ಲ ಎನ್ನುವವರ ಉತ್ತರ ಇಷ್ಟು: ಉಕ್ತಿಯೆಂದರೆ ಸಾಮಾನ್ಯವಾಗಿ ನಡೆಯುವುದನ್ನು ಹೇಳುವ ಮಾತು, ದೇವರು ಬರೆದುಕೊಟ್ಟ ಕರಾರುಪತ್ರವಲ್ಲ. ಈ ಉತ್ತರ ಸರಿಯೇ. ಆದರೆ ಸಂಕಟದಲ್ಲಿರುವವನಿಗೆ ಅದು ತೆಳುವಾಗಿ ಕಾಣುತ್ತದೆ. ಅದಕ್ಕಿಂತ ಗಟ್ಟಿಯಾದ ಉತ್ತರ ಅದೇ ಬೈಬಲಿನ ಅದೇ ಜ್ಞಾನಸಾಹಿತ್ಯದಲ್ಲಿದೆ. ಯೋಬನ ಪುಸ್ತಕದಲ್ಲಿ, ಕಷ್ಟಕ್ಕೆ ಸಿಕ್ಕ ಯೋಬನ ಜೊತೆ ಅವನ ಗೆಳೆಯರು ಜ್ಞಾನೋಕ್ತಿಗಳ ಧಾಟಿಯಲ್ಲೇ ವಾದಿಸುತ್ತಾರೆ: ನೀನು ಕಷ್ಟದಲ್ಲಿದ್ದೀಯೆಂದರೆ ಎಲ್ಲೋ ತಪ್ಪಿರಬೇಕು. ಕೊನೆಯಲ್ಲಿ ದೇವರ ಕೋಪಕ್ಕೆ ಗುರಿಯಾಗುವವರು ಆ ಗೆಳೆಯರೇ. ಪ್ರಸಂಗಿ ಎಂಬ ಪುಸ್ತಕದ ಕರ್ತನಂತೂ ವೇಗಿಗಳಿಗೇ ಓಟದಲ್ಲಿ ಗೆಲುವು ಎಂಬ ಖಾತರಿಯನ್ನೂ ತೆಗೆದುಹಾಕುತ್ತಾನೆ. ಇರುವೆಯನ್ನು ಬೋಧಿಸಿ ಯೋಬನನ್ನು ಬಿಟ್ಟ ಪೀಠ ಗೊತ್ತಿಲ್ಲದೆಯೇ ಆ ಗೆಳೆಯರ ಸಾಲಿನಲ್ಲಿ ನಿಂತಿರುತ್ತದೆ.

ಯೋಬನ ಪುಸ್ತಕದ ಇಪ್ಪತ್ತೆಂಟನೆಯ ಅಧ್ಯಾಯವನ್ನು ಇಲ್ಲಿ ವಿಶೇಷವಾಗಿ ನೆನೆಯಬೇಕು. ಅದು ಗಣಿಯ ವರ್ಣನೆ. ಜನವಸತಿಯಿಂದ ದೂರದಲ್ಲಿ ಸುರಂಗ ತೋಡುವವರು, ನೆಲದ ಮೇಲೆ ನಡೆಯುವವರಿಗೆ ಮರೆತುಹೋದವರು, ಹಗ್ಗಕ್ಕೆ ಜೋತು ತೂಗಾಡುವವರು, ಕತ್ತಲೆಗೆ ಕೊನೆ ಕಾಣಿಸಿ ಬೆಟ್ಟದ ಬುಡವನ್ನೇ ಬುಡಮೇಲು ಮಾಡುವವರು ಅಲ್ಲಿದ್ದಾರೆ. ಹದ್ದಿನ ಕಣ್ಣಿಗೂ ಬೀಳದ ದಾರಿಯಲ್ಲಿ ಹೋಗಿ ಹೊನ್ನು ತರುವ ಮನುಷ್ಯನ ಸಾಹಸವನ್ನು ಕವಿ ಮನಸಾರೆ ಮೆಚ್ಚುತ್ತಾನೆ. ಆಮೇಲೆ ಜ್ಞಾನ ಸಿಗುವುದೆಲ್ಲಿ ಎಂದು ಕೇಳುತ್ತಾನೆ. ಆಳವಾದ ಸಾಗರವೂ ತನ್ನಲ್ಲಿಲ್ಲ ಎನ್ನುತ್ತದೆ, ಓಫೀರಿನ ಚಿನ್ನಕ್ಕೂ ಅದು ದಕ್ಕುವುದಿಲ್ಲ. ಗಣಿಯ ಲಿಫ್ಟಾದ ಕೇಜಿನಲ್ಲಿ ಇಳಿದು ಬಂದವರಿಗೆ ಈ ಅಧ್ಯಾಯಕ್ಕೆ ವ್ಯಾಖ್ಯಾನಕಾರರು ಬೇಕಿಲ್ಲ. (ಇದೇ ಗಣಿಯ ಆಳದಲ್ಲಿ 1965ರಲ್ಲಿ ವಿಜ್ಞಾನಿಗಳು ವಾಯುಮಂಡಲದ ನ್ಯೂಟ್ರಿನೊ ಕಣಗಳ ಸುಳಿವು ಹಿಡಿದರು. ಚಿನ್ನಕ್ಕಾಗಿ ತೋಡಿದ ಬಾವಿಯಲ್ಲಿ ಜ್ಞಾನದ ಒಂದು ತುಣುಕು ಸಿಕ್ಕಿದ್ದಂತೂ ಹೌದು.) ದುಡಿಮೆಯ ಘನತೆಯನ್ನು ಅದರ ಫಲದಿಂದ ಬಿಡಿಸಿ ನೋಡುವ ಈ ಅಧ್ಯಾಯವೇ ಕೆಲಸ ಕಳೆದುಕೊಂಡವರಿಗೆ ಓದಿಹೇಳಲು ತಕ್ಕದ್ದು.

ಜಾಮೀನಿನ ಬಲೆ

ದುಡಿಮೆಯ ವಿಷಯದಲ್ಲಿ ಉಕ್ತಿಗಳನ್ನು ಎಚ್ಚರದಿಂದ ಓದಬೇಕಾದರೆ, ಸಾಲದ ವಿಷಯದಲ್ಲಿ ಅವನ್ನು ಇದ್ದಂತೆಯೇ ಓದಬಹುದು. ಇನ್ನೊಬ್ಬರಿಗೆ ಜಾಮೀನು ನಿಲ್ಲಬಾರದೆಂದು ಜ್ಞಾನೋಕ್ತಿಗಳು ಆರು ಕಡೆ ಎಚ್ಚರಿಸುತ್ತವೆ. ಈಗಾಗಲೇ ನಿಂತಿದ್ದರೆ ಕಣ್ಣಿಗೆ ನಿದ್ದೆ ಕೊಡದೆ, ನಾಚಿಕೆ ಬಿಟ್ಟು, ಗೋಗರೆದು ಬಿಡಿಸಿಕೊಳ್ಳಬೇಕು. ಬೇಟೆಗಾರನ ಕೈಯಿಂದ ಜಿಂಕೆ ತಪ್ಪಿಸಿಕೊಳ್ಳುವ ಆತುರ ಇರಬೇಕು. ತೀರಿಸಲಾಗದವನ ಮೈಕೆಳಗಿನ ಹಾಸಿಗೆಯನ್ನೇ ಎಳೆದೊಯ್ಯುತ್ತಾರೆಂಬ ಎಚ್ಚರಿಕೆ ಇಪ್ಪತ್ತೆರಡನೆಯ ಅಧ್ಯಾಯದಲ್ಲಿದೆ. ಅದಕ್ಕೆ ಸ್ವಲ್ಪ ಮೊದಲೇ, ಸಾಲ ಮಾಡಿದವನು ಕೊಟ್ಟವನಿಗೆ ಆಳಾಗುತ್ತಾನೆ ಎಂಬ ಮಾತಿದೆ. ಕೂಲಿಯನ್ನೇ ನಂಬಿದ ಲೈನ್‌ಗಳಲ್ಲಿ ಬಡ್ಡಿವ್ಯಾಪಾರ ದೂರವಿರಲಿಲ್ಲ. ಬಟವಾಡೆಯ ದಿನ ಬಡ್ಡಿಗೆ ಕೊಡುವವರಿಗೂ ಗೊತ್ತಿತ್ತು.

ಈಗಿನ ಸಾಲಕ್ಕೆ ಬೇರೆ ರೂಪ. ಕಿರುಸಾಲ ಸಂಸ್ಥೆಗಳು ಕೊಡುವ ಗುಂಪು ಸಾಲಕ್ಕೆ ಆಸ್ತಿಪತ್ರ ಬೇಡ, ಒಡವೆ ಬೇಡ. ಗುಂಪಿನ ಹೆಂಗಸರು ಒಬ್ಬರಿಗೊಬ್ಬರು ಹೊಣೆಯಾದರೆ ಸಾಕು. ಒಬ್ಬಳ ಕಂತು ತಪ್ಪಿದರೆ ಉಳಿದವರ ಮೇಲೆ ಒತ್ತಡ. ಅಂದರೆ ಯಾವುದನ್ನು ಆರು ಕಡೆ ಬೇಡವೆನ್ನಲಾಗಿದೆಯೋ ಅದೇ ಈ ವ್ಯವಸ್ಥೆಯ ಅಡಿಪಾಯ. ಇದನ್ನು ಇಷ್ಟಕ್ಕೇ ಖಂಡಿಸಿ ಕೈತೊಳೆದುಕೊಳ್ಳುವುದು ಅನ್ಯಾಯವಾದೀತು. ಬ್ಯಾಂಕಿನ ಬಾಗಿಲು ತೆರೆಯದ ಹೆಣ್ಣಿಗೆ ಹೊಲಿಗೆ ಯಂತ್ರ, ಹಸು, ಮಗಳ ಕಾಲೇಜಿನ ಶುಲ್ಕ ದೊರೆತದ್ದು ಈ ಹೊಣೆಗಾರಿಕೆಯ ಬಲದಿಂದಲೇ. ಮೀಟರ್ ಬಡ್ಡಿಯವನಿಗಿಂತ ಇದು ಅಗ್ಗ. ನೆರೆಯವಳ ಕಷ್ಟಕ್ಕೆ ಹೆಗಲು ಕೊಡುವುದು ಕ್ರೈಸ್ತ ಧರ್ಮವಲ್ಲವೇ ಎಂದು ಕೇಳುವವರೂ ಇದ್ದಾರೆ. ಪುಸ್ತಕದ ಆಕ್ಷೇಪ ಹೆಗಲು ಕೊಡುವುದಕ್ಕಲ್ಲ. ಬಡವನಿಗೆ ದಯೆ ತೋರಿದವನು ದೇವರಿಗೇ ಸಾಲ ಕೊಟ್ಟಂತೆ ಎನ್ನುವ ಪುಸ್ತಕ ಅದು. ಕೈಲಿದ್ದದ್ದನ್ನು ಕೊಡು, ಕೈಲಿಲ್ಲದ್ದಕ್ಕೆ ಮಾತು ಕೊಡಬೇಡ ಎಂಬಷ್ಟೇ ಅದರ ನಿಲುವು.

ಒಬ್ಬಳೇ ನಾಲ್ಕಾರು ಗುಂಪುಗಳಲ್ಲಿ ಹೆಸರು ಬರೆಸಿ, ಒಂದರ ಕಂತಿಗೆ ಇನ್ನೊಂದರಿಂದ ಸಾಲ ಎತ್ತತೊಡಗಿದಾಗ ಈ ನಿಲುವಿನ ಬೆಲೆ ಗೊತ್ತಾಗುತ್ತದೆ. 2025ರ ಆರಂಭದಲ್ಲಿ ರಾಜ್ಯದ ಹಲವು ಜಿಲ್ಲೆಗಳಿಂದ ವಸೂಲಿಗಾರರ ಕಿರುಕುಳ, ಊರು ಬಿಟ್ಟವರು, ಪ್ರಾಣ ಕಳೆದುಕೊಂಡವರ ಸುದ್ದಿ ಬಂದಿತು. ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಬಲವಂತದ ವಸೂಲಿಗೆ 10 ವರ್ಷದವರೆಗೆ ಸೆರೆವಾಸ, 5 ಲಕ್ಷ ರೂಪಾಯಿವರೆಗೆ ದಂಡ ವಿಧಿಸುವ ಸುಗ್ರೀವಾಜ್ಞೆ ತಂದಿತು. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ, ವರ್ಷಕ್ಕೆ 3 ಲಕ್ಷ ರೂಪಾಯಿವರೆಗಿನ ವರಮಾನದ ಕುಟುಂಬದ ಎಲ್ಲ ಸಾಲಗಳ ಕಂತೂ ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ಈ ಮಿತಿಯನ್ನು ಸಾಲ ಪಡೆಯುವವಳಿಗೆ ಯಾರು ವಿವರಿಸಿ ಹೇಳುತ್ತಾರೆ? ಪ್ರತಿ ಭಾನುವಾರ ನೂರಾರು ಹೆಂಗಸರನ್ನು ಒಟ್ಟಿಗೆ ಕೂರಿಸುವ ಸಭೆಗಿಂತ ಅನುಕೂಲವಾದ ಜಾಗ ಬೇರೊಂದಿರಲಾರದು. ಮಹಿಳಾ ಸಮಾಜದ ಕೂಟದಲ್ಲಿ ಇಪ್ಪತ್ತೆರಡನೆಯ ಅಧ್ಯಾಯದ ಜೊತೆಗೆ ಸಾಲದ ಪಾಸ್‌ಬುಕ್ಕನ್ನೂ ತೆರೆದಿಟ್ಟು ಓದಿದರೆ ಅಪಚಾರವೇನೂ ಆಗದು.

ಕುಡಿತದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಇಪ್ಪತ್ತಮೂರನೆಯ ಅಧ್ಯಾಯ ಕುಡುಕನ ಕೆಂಗಣ್ಣು, ಕಾರಣವಿಲ್ಲದ ಗಾಯ, ಎಚ್ಚರವಾದೊಡನೆ ಮತ್ತೆ ಬೇಕೆನ್ನುವ ಹಂಬಲವನ್ನು ಚಿತ್ರಿಸಿದಷ್ಟು ನಿಖರವಾಗಿ ಯಾವ ಸರ್ಕಾರಿ ಭಿತ್ತಿಪತ್ರವೂ ಚಿತ್ರಿಸಿಲ್ಲ. ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು, ಕುಡಿತ ನಿಲ್ಲಲಿಲ್ಲ.

ಅರ್ಧಕ್ಕೆ ನಿಲ್ಲುವ ಓದು

ಪೀಠದಿಂದ ಕೇಳಿಬರುವ ಆಯ್ಕೆಗಳಿಗೆ ಒಂದು ಒಲವಿದೆ. ಪ್ರಥಮಫಲವನ್ನು ದೇವರಿಗೆ ಕೊಟ್ಟರೆ ಕಣಜ ತುಂಬುತ್ತದೆಂಬ ಮೂರನೆಯ ಅಧ್ಯಾಯದ ಭರವಸೆ ದಶಮಾಂಶದ ಬೋಧನೆಯಲ್ಲಿ ತಪ್ಪದೆ ಬರುತ್ತದೆ. ಸಮೃದ್ಧಿಯನ್ನೇ ಆಶೀರ್ವಾದದ ಗುರುತೆಂದು ಸಾರುವ ಪಂಗಡಗಳಲ್ಲಿ ಅದಕ್ಕೆ ಇನ್ನೂ ಹೆಚ್ಚಿನ ಜಾಗ. ಅದೇ ಅಧ್ಯಾಯ ಹದಿನೈದಿಪ್ಪತ್ತು ವಚನಗಳ ಆಚೆ, ಕೊಡಬೇಕಾದದ್ದು ಕೈಯಲ್ಲಿರುವಾಗ ನಾಳೆ ಬಾ ಎಂದು ನೆರೆಯವನನ್ನು ಕಳುಹಿಸಬೇಡ ಎನ್ನುತ್ತದೆ. ಗಣಿ ಮುಚ್ಚಿದ ಮೇಲೆ ಬಾಕಿ ಹಣಕ್ಕಾಗಿ ವರ್ಷಗಟ್ಟಲೆ ಕಚೇರಿ, ನ್ಯಾಯಾಲಯ ಅಲೆದವರ ಊರಿನಲ್ಲಿ ಆ ವಚನದ ಮೇಲೆ ಪ್ರಸಂಗ ಅಪರೂಪ. 2020ರ ಡಿಸೆಂಬರಿನಲ್ಲಿ ಇದೇ ಜಿಲ್ಲೆಯ ನರಸಾಪುರದ ಮೊಬೈಲ್ ಫೋನ್ ಕಾರ್ಖಾನೆಯಲ್ಲಿ ವೇತನ ಸರಿಯಾಗಿ ಬರಲಿಲ್ಲವೆಂಬ ಸಿಟ್ಟು ದಾಂಧಲೆಗೆ ತಿರುಗಿತು. ಕೋಪದ ಕೇಡನ್ನು ಹೇಳುವ ಉಕ್ತಿಗಳು ಆ ಯುವಕರಿಗೆ ಸಲ್ಲುತ್ತವೆ, ನಿಜ. ಕೂಲಿಯ ಲೆಕ್ಕ ತಪ್ಪಿಸಿದವರಿಗೆ ಸಲ್ಲುವ ಉಕ್ತಿಗಳೂ ಅದೇ ಪುಸ್ತಕದಲ್ಲಿವೆ. ಬಡವನ ಹೊಲದಲ್ಲಿ ಬೇಕಾದಷ್ಟು ಬೆಳೆಯಬಹುದಿತ್ತು, ಅನ್ಯಾಯ ಅದನ್ನು ಕೊಚ್ಚಿಕೊಂಡು ಹೋಗುತ್ತದೆ ಎಂದು ಹದಿಮೂರನೆಯ ಅಧ್ಯಾಯ ಹೇಳುತ್ತದೆ. ಬಡತನಕ್ಕೆ ಸೋಮಾರಿತನವೊಂದೇ ಕಾರಣವೆಂದು ಪುಸ್ತಕ ಎಂದೂ ನಂಬಿರಲಿಲ್ಲ.

ಸಭೆಯ ಹಿರಿಯರ ಕಡೆಯ ವಾದವನ್ನೂ ತೂಗಬೇಕು. ಚರ್ಚು ಕಾರ್ಮಿಕ ಸಂಘವಲ್ಲ. ಪೀಠವನ್ನು ಮುಷ್ಕರದ ವೇದಿಕೆ ಮಾಡಿದರೆ ಒಂದೇ ಸಾಲಿನಲ್ಲಿ ಕೂರುವ ಗುಮಾಸ್ತ, ಕೂಲಿ, ಅಂಗಡಿಕಾರ ಬೇರೆಬೇರೆಯಾಗುತ್ತಾರೆ. ಅಲ್ಪಸಂಖ್ಯಾತ ಸಮುದಾಯಕ್ಕೆ ಅಧಿಕಾರದಲ್ಲಿರುವವರ ಜೊತೆ ಜಗಳ ಸುಲಭವೂ ಅಲ್ಲ. ಈ ಅಂಜಿಕೆಗೆ ಆಧಾರವಿದೆ. ಆದರೂ ತಾಯಂದಿರ ದಿನಕ್ಕೆ ಮೂವತ್ತೊಂದನೆಯ ಅಧ್ಯಾಯವನ್ನು ಓದುವಾಗ ಹತ್ತನೆಯ ವಚನದಿಂದಲೇ ಶುರುಮಾಡುವ ರೂಢಿಯನ್ನು ಗಮನಿಸಬೇಕು. ನಸುಕಿಗೇ ಎದ್ದು ಮನೆಯವರಿಗೆ ಊಟ ಹೊಂದಿಸಿ, ಹೊಲ ಕೊಂಡು, ಬಟ್ಟೆ ನೇಯ್ದು ಮಾರುವ ಗುಣವತಿ ಅಲ್ಲಿಂದ ಬರುತ್ತಾಳೆ. ಬೆಳಗಿನ ರೈಲು ಹಿಡಿದು ಕೆಲಸಕ್ಕೆ ಹೋಗುವ ಹೆಂಗಸರಿಗೆ ಆಕೆ ಹತ್ತಿರದವಳೇ. ಆದರೆ ಅದಕ್ಕೂ ಮೊದಲಿನ ಒಂಬತ್ತು ವಚನಗಳಲ್ಲಿ ಇನ್ನೊಬ್ಬ ತಾಯಿ ಇದ್ದಾಳೆ. ಅರಸನಾದ ಮಗನನ್ನು ಕೂರಿಸಿಕೊಂಡು, ಕುಡಿದು ನ್ಯಾಯ ಮರೆಯಬೇಡ, ಬಾಯಿಲ್ಲದವರ ಪರವಾಗಿ ಬಾಯಿ ತೆರೆ ಎಂದು ಆಕೆ ಗದರುತ್ತಾಳೆ. ಆಕೆಯನ್ನು ಬಿಟ್ಟು ಗುಣವತಿಯನ್ನು ಮಾತ್ರ ಹೊಗಳುವುದು ದಣಿದ ಹೆಂಗಸಿಗೆ ಇನ್ನಷ್ಟು ದುಡಿ ಎಂದು ಹೇಳಿದಂತೆ.

ಬಾಯಿಲ್ಲದವರ ಪರವಾಗಿ ಬಾಯಿ ತೆರೆಯುವ ಸಂದರ್ಭ ಈಗ ಇಲ್ಲೇ ಬಂದಿದೆ. ಅದಿರಿನಿಂದ ಚಿನ್ನ ತೆಗೆದ ಮೇಲೆ ಗಣಿಯ ಬದಿಯಲ್ಲಿ ಸುರಿದ ಮಣ್ಣಿನ ಸೈನೈಡ್ ಗುಡ್ಡಗಳಲ್ಲಿ ಇನ್ನೂ ಅಷ್ಟಿಷ್ಟು ಚಿನ್ನ ಉಳಿದಿದೆ. ಅದನ್ನು ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ 2024ರಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿದೆ. ಗಾಳಿಗಾಲದಲ್ಲಿ ಆ ಗುಡ್ಡಗಳ ದೂಳು ಮನೆಯೊಳಗೆ ಬರುವುದನ್ನು ಬಲ್ಲ ಲೈನ್‌ಗಳಲ್ಲಿ ಇದರಿಂದ ಆಸೆಯೂ ಇದೆ, ಅಳುಕೂ ಇದೆ. ಕೆಲಸ ಸ್ಥಳೀಯರಿಗೆ ಸಿಗುವುದೋ, ಸಿಕ್ಕಿದರೆ ಗುತ್ತಿಗೆಯ ಕೆಲಸವೋ ಕಾಯಂ ಕೆಲಸವೋ, ಮಣ್ಣು ಕದಡಿದಾಗ ಮಕ್ಕಳ ಎದೆಯ ತಪಾಸಣೆ ಯಾರ ಹೊಣೆ, ಈ ವಿಷಯಗಳನ್ನು ಅಧಿಕಾರಿಗಳ ಮುಂದೆ ಲಿಖಿತವಾಗಿ ಇಡಬೇಕಾದ ಹೊತ್ತಿದು. ಮನವಿ ಬರೆಯಬಲ್ಲವರು, ನಿಯಮ ಓದಬಲ್ಲವರು, ಗಣಿಯೊಳಗಿನ ಕೆಲಸ ಕಂಡವರು ಇಲ್ಲಿನ ಪ್ರತಿ ಸಭೆಯಲ್ಲೂ ಇದ್ದಾರೆ.